ನಿಮಗಿದು ಗೊತ್ತೇ? ಶಾಲೆಯ ಅಂಗಳದ ಚುನಾವಣೆ

ವಿಧಾನಸಭೆಗೆ ಯಾರು ನಿಲ್ಲುತ್ತಾರೆಂದು ತುಮಕೂರು, ಗುಬ್ಬಿ, ಕುಣಿಗಲ್‌ನ ಹೋಟೆಲುಗಳಲ್ಲಿ ವರ್ಷಗಟ್ಟಲೆ ಚರ್ಚೆ ನಡೆಯುತ್ತದೆ. ನಮ್ಮ ಮಕ್ಕಳ ಶಾಲೆಯ ಎಸ್‌ಡಿಎಂಸಿಗೆ ಯಾರು ಬಂದರು ಎಂದರೆ ಉತ್ತರ ಹೇಳುವವರು ಕಡಿಮೆ. ಆ ಪುಟ್ಟ ಚುನಾವಣೆಯ ಕೆಲವು ಸಂಗತಿಗಳು ಇಲ್ಲಿವೆ.

● ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯ ಪೋಷಕ ಸದಸ್ಯರಾಗಲು ಪಕ್ಷದ ಟಿಕೆಟ್ ಬೇಡ, ಠೇವಣಿ ಬೇಡ, ಡಿಗ್ರಿಯೂ ಬೇಡ. ಹಾಜರಿ ಪುಸ್ತಕದಲ್ಲಿ ನಿಮ್ಮ ಮಗುವಿನ ಹೆಸರಿರಬೇಕು, ಅಷ್ಟೇ.

● ಈ ಸಮಿತಿಗಳು ಹುಟ್ಟಿದ್ದು 2001ರ ಏಪ್ರಿಲ್ 28ರ ಸರ್ಕಾರಿ ಆದೇಶದಿಂದ. ಅದಕ್ಕೆ ಮೊದಲು ಇದ್ದದ್ದು ಗ್ರಾಮ ಶಿಕ್ಷಣ ಸಮಿತಿಗಳು. ಬದಲಾವಣೆಗೆ ದಾರಿ ಮಾಡಿದ ಶಿಕ್ಷಣ ಕಾರ್ಯಪಡೆಯ ಅಧ್ಯಕ್ಷರು ತುಮಕೂರು ಜಿಲ್ಲೆಯಲ್ಲೇ ಹುಟ್ಟಿದವರು: 1974ರ ಪೋಖ್ರಾನ್ ಅಣುಪರೀಕ್ಷೆಯ ರೂವಾರಿ, ಪಿಯಾನೊ ನುಡಿಸುತ್ತಿದ್ದ ವಿಜ್ಞಾನಿ ಡಾ. ರಾಜಾ ರಾಮಣ್ಣ.

● 2010ರ ಏಪ್ರಿಲ್ 1ರಂದು ಜಾರಿಗೆ ಬಂದ ಶಿಕ್ಷಣ ಹಕ್ಕು ಕಾಯ್ದೆಯ ಪ್ರಕಾರ ಶಾಲಾ ಸಮಿತಿಯಲ್ಲಿ ಕನಿಷ್ಠ ಮುಕ್ಕಾಲು ಪಾಲು ಪೋಷಕರೇ ಇರಬೇಕು, ಅರ್ಧದಷ್ಟು ಮಹಿಳೆಯರಿರಬೇಕು. ನಮ್ಮ ರಾಜ್ಯದಲ್ಲಿ ಪೋಷಕ ಸದಸ್ಯರು 18. ಅವಧಿ 3 ವರ್ಷ. ಲೋಕಸಭೆಯಲ್ಲಿ ಇನ್ನೂ ಕೈಗೂಡದ ಸಮಪಾಲು ಹಳ್ಳಿ ಶಾಲೆಗೆ ಎಂದೋ ಬಂದಿದೆ!

● ಇಲ್ಲಿ ಮೀಸಲಾತಿಯ ಲೆಕ್ಕಕ್ಕೆ ಊರಿನ ಜನಗಣತಿ ಬೇಡ. ಆ ಶಾಲೆಯಲ್ಲಿ ಯಾವ ವರ್ಗದ ಮಕ್ಕಳು ಎಷ್ಟು ಮಂದಿ ಇದ್ದಾರೋ, ಅದಕ್ಕೆ ತಕ್ಕ ಪ್ರಾತಿನಿಧ್ಯ.

● ಹೆಡ್ ಮಾಸ್ಟ್ರು ಸಮಿತಿಯ ಅಧ್ಯಕ್ಷರಲ್ಲ, ಕಾರ್ಯದರ್ಶಿ. ಅಧ್ಯಕ್ಷ ಸ್ಥಾನ ಪೋಷಕರದ್ದು. ಬ್ಯಾಂಕ್ ಖಾತೆ ಇಬ್ಬರ ಹೆಸರಿನಲ್ಲಿ ಜಂಟಿಯಾಗಿರುತ್ತದೆ. ಒಬ್ಬರ ಸಹಿಗೆ ಹಣ ಬರುವುದಿಲ್ಲ.

● ಅದೆಷ್ಟು ಹಣ? ಸಮಗ್ರ ಶಿಕ್ಷಾ ಯೋಜನೆಯ ಮಾನದಂಡದಂತೆ 101ರಿಂದ 250 ಮಕ್ಕಳಿರುವ ಶಾಲೆಗೆ ವರ್ಷಕ್ಕೆ 50,000 ರೂ.ವರೆಗೆ, 251ರಿಂದ 1,000 ಮಕ್ಕಳಿದ್ದರೆ 75,000 ರೂ.ವರೆಗೆ ಶಾಲಾ ಅನುದಾನ. ಸೀಮೆಸುಣ್ಣದಿಂದ ಶೌಚಾಲಯದ ರಿಪೇರಿವರೆಗೆ ಇದರಲ್ಲೇ ತೂಗಬೇಕು.

● ಬಿಸಿಯೂಟ ನೋಡುವುದಷ್ಟೇ ಸಮಿತಿಯ ಕೆಲಸವಲ್ಲ. ಕಾಯ್ದೆಯ 22ನೇ ಸೆಕ್ಷನ್ ಪ್ರಕಾರ ಶಾಲೆಯ ಅಭಿವೃದ್ಧಿ ಯೋಜನೆ ಬರೆಯುವುದು ಅದರ ಹೊಣೆ. ಸರ್ಕಾರ ಕೊಡುವ ಅನುದಾನಕ್ಕೆ ಆ ಯೋಜನೆಯೇ ಆಧಾರವಾಗಬೇಕು. ಮೇಷ್ಟ್ರನ್ನು ವರ್ಗ ಮಾಡುವ ಅಧಿಕಾರ ಮಾತ್ರ ಸಮಿತಿಗಿಲ್ಲ.

● ಮಗು ಟಿ.ಸಿ. ತೆಗೆದುಕೊಂಡು ಶಾಲೆ ಬಿಟ್ಟರೆ ಅಪ್ಪ ಅಥವಾ ಅಮ್ಮನ ಸದಸ್ಯತ್ವವೂ ಹೋಗುತ್ತದೆ. ಮಗಳು ಪಾಸಾದ ಖುಷಿಯಲ್ಲೇ ಕುರ್ಚಿ ಕಳೆದುಕೊಳ್ಳುವ ಪದವಿ ಬೇರೆಲ್ಲಿದೆ?

● ಮಗಳು ಸರ್ಕಾರಿ ಪದವಿಪೂರ್ವ ಕಾಲೇಜು ಸೇರಿದರೆ ಅಲ್ಲಿರುವುದು ಕಾಲೇಜು ಅಭಿವೃದ್ಧಿ ಸಮಿತಿ. ಗುಬ್ಬಿಯಿರಲಿ, ಕುಣಿಗಲ್ಲಿರಲಿ, ಅದಕ್ಕೆ ಕ್ಷೇತ್ರದ ಶಾಸಕರೇ ಅಧ್ಯಕ್ಷರು.

● ಅನುದಾನ ಪಡೆಯದ ಖಾಸಗಿ ಶಾಲೆಗೆ ಶಿಕ್ಷಣ ಹಕ್ಕು ಕಾಯ್ದೆಯ ಈ ಸಮಿತಿ ಕಡ್ಡಾಯವಲ್ಲ. ಸಾವಿರಾರು ರೂಪಾಯಿ ಫೀಸು ಕಟ್ಟುವ ತುಮಕೂರು ನಗರದ ಪೋಷಕರಿಗೆ ಇಲ್ಲದ ಹಕ್ಕು, ಫೀಸಿಲ್ಲದ ಸರ್ಕಾರಿ ಶಾಲೆಯ ಕೂಲಿಕಾರರಿಗಿದೆ.

● ತುಮಕೂರು ಕಂದಾಯದ ಲೆಕ್ಕದಲ್ಲಿ ಒಂದೇ ಜಿಲ್ಲೆ. ಶಿಕ್ಷಣದ ಲೆಕ್ಕದಲ್ಲಿ ಎರಡು. ಗುಬ್ಬಿ, ಕುಣಿಗಲ್‌ನ ದೂರು ಬಿಇಒ ದಾಟಿದರೆ ತುಮಕೂರಿನ ಡಿಡಿಪಿಐ ಕಚೇರಿಗೆ. ಸಿರಾ, ಪಾವಗಡ, ಕೊರಟಗೆರೆಯವರದ್ದು ಮಧುಗಿರಿಗೆ.

● ಶಾಲೆಯನ್ನು ಸ್ಥಳೀಯರ ಕೈಗೆ ಕೊಡುವ ಪ್ರಯೋಗ ಹೊಸದಲ್ಲ. ಮೈಸೂರು ಸಂಸ್ಥಾನ 1930ರ ಕಾನೂನಿನಿಂದ ಪ್ರಾಥಮಿಕ ಶಾಲೆಗಳನ್ನು ಸ್ಥಳೀಯ ಶಿಕ್ಷಣ ಪ್ರಾಧಿಕಾರಗಳಿಗೆ ಒಪ್ಪಿಸಿತ್ತು. 1941ರಲ್ಲಿ ಸರ್ಕಾರವೇ ವಾಪಸು ಪಡೆಯಿತು. ಕೊಟ್ಟದ್ದು ಉಳಿಯಬೇಕಾದರೆ ಬಳಸುವವರು ಬೇಕು.

● ಲಂಡನ್ ಶಾಲಾ ಮಂಡಳಿಯ ಮೊದಲ ಚುನಾವಣೆ ನಡೆದದ್ದು 1870ರಲ್ಲಿ. ಎಷ್ಟು ಸ್ಥಾನಗಳಿವೆಯೋ ಅಷ್ಟು ಮತ ಪ್ರತಿ ಮತದಾರನಿಗೆ. ಬೇಕಾದರೆ ಎಲ್ಲವನ್ನೂ ಒಬ್ಬರಿಗೇ ಹಾಕಬಹುದಿತ್ತು! ಗೆದ್ದವರಲ್ಲಿ ವೈದ್ಯೆ ಎಲಿಜಬೆತ್ ಗ್ಯಾರೆಟ್ ಕೂಡ ಇದ್ದರು. ಬ್ರಿಟನ್ನಿನ ಮಹಿಳೆಯರಿಗೆ ಪಾರ್ಲಿಮೆಂಟಿನ ಮತ ಸಿಕ್ಕಿದ್ದು 1918ರಲ್ಲಿ.

● ನ್ಯೂಜಿಲೆಂಡ್ 1989ರಲ್ಲಿ ಪ್ರತಿ ಸರ್ಕಾರಿ ಶಾಲೆಗೂ ಪೋಷಕರು ಆರಿಸುವ ಮಂಡಳಿ ಕೊಟ್ಟಿತು. ಅಲ್ಲೂ ಮೂರು ವರ್ಷಕ್ಕೊಮ್ಮೆ ಚುನಾವಣೆ. ಅಮೆರಿಕದ ಹವಾಯಿ ರಾಜ್ಯ ಮಾತ್ರ 2010ರಲ್ಲಿ ತನ್ನ ಶಿಕ್ಷಣ ಮಂಡಳಿಯ ಚುನಾವಣೆಯನ್ನೇ ಬಿಟ್ಟು, ನೇಮಕಾತಿಗೆ ಹೊರಳಿತು.

● ನಿಮ್ಮ ಶಾಲೆಯ ಸಮಿತಿಯ ಅವಧಿ ಎಂದು ಮುಗಿಯುತ್ತದೆ? ಹೆಡ್ ಮಾಸ್ಟ್ರನ್ನು ಕೇಳಿ. ಉತ್ತರ ಬರದಿದ್ದರೆ ಮಾಹಿತಿ ಹಕ್ಕಿನಡಿ ಅರ್ಜಿ ಹಾಕಿ: 30 ದಿನದಲ್ಲಿ ಉತ್ತರ ಕೊಡಬೇಕು, ಶುಲ್ಕ 10 ರೂ. ಈ ಚುನಾವಣೆಯಲ್ಲಿ ನಿಮ್ಮ ಜೇಬಿನಿಂದ ಹೋಗುವ ಅತಿ ದೊಡ್ಡ ಖರ್ಚು ಬಹುಶಃ ಅದೇ.