ಗೇಟ್ ಮಾಡುವ ಕಂಪನಿಗೆ ಬೀಗ ಬಿದ್ದ ಕಥೆ

2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಜಲಾಶಯದ 19ನೇ ಕ್ರಸ್ಟ್‌ಗೇಟ್‌ನ ಚೈನ್ ತುಂಡಾಗಿ, ಗೇಟು ನೀರುಪಾಲಾಯಿತು. ಡ್ಯಾಂ ತುಂಬಿ ನಿಂತಿದ್ದ ಹೊತ್ತು. ಒತ್ತಡ ತಗ್ಗಿಸಲು ಉಳಿದ ಗೇಟುಗಳನ್ನೂ ಎತ್ತಿ, ರೈತರು ನಂಬಿಕೊಂಡಿದ್ದ ನೀರನ್ನು ಹೊಳೆಗೆ ಬಿಟ್ಟರು. ಮುರಿದ ಗೇಟಿನ ಜಾಗಕ್ಕೆ ತಾತ್ಕಾಲಿಕವಾಗಿ ಇಳಿಬಿಡುವ ಸ್ಟಾಪ್ ಲಾಗ್ ವ್ಯವಸ್ಥೆ ಈ ಹಳೆಯ ಅಣೆಕಟ್ಟಿಗೆ ಇರಲೇ ಇಲ್ಲ. ನೀರು ತಗ್ಗುವವರೆಗೆ ಕಾಯುವುದೇ ದಾರಿ ಎಂಬ ಮಾತು ಎದ್ದಿತು.

ಹರಿಯುವ ನೀರಲ್ಲೇ ಸ್ಟಾಪ್ ಲಾಗ್ ಇಳಿಸೋಣ ಎಂದವರು ಕನ್ನಯ್ಯ ನಾಯ್ಡು. ನಿವೃತ್ತರಾಗಿ ಎಷ್ಟೋ ವರ್ಷವಾಗಿದ್ದ, ಎಂಬತ್ತರ ಆಸುಪಾಸಿನ ಎಂಜಿನಿಯರ್. 60 ಅಡಿ ಅಗಲದ ಉಕ್ಕಿನ ತುಂಡುಗಳನ್ನು ಹೊಸಪೇಟೆ ಸುತ್ತಲಿನ ವರ್ಕ್‌ಶಾಪ್‌ಗಳಲ್ಲೂ ಜಿಂದಾಲ್ ಉಕ್ಕಿನ ಕಾರ್ಖಾನೆಯಲ್ಲೂ ಅವಸರದಲ್ಲಿ ತಯಾರಿಸಿದರು. 16ನೇ ತಾರೀಖು ಮೊದಲ ತುಂಡು ಕೂತಿತು. ಮರುದಿನದೊಳಗೆ ಉಳಿದವೂ ಕೂತವು. ಮುಂದಿನ ತಿಂಗಳೇ ವಿಜಯವಾಡದ ಪ್ರಕಾಶಂ ಬ್ಯಾರೇಜಿಗೆ ದೋಣಿಗಳು ಬಡಿದಾಗಲೂ ರಿಪೇರಿಗೆ ಇವರನ್ನೇ ಕರೆದರು.

ನಾಯ್ಡು ಅವರನ್ನು ಎಲ್ಲರೂ ಕೊಂಡಾಡಿದರು, ಸರಿಯೇ. ಅವರು ಪಳಗಿದ ಕಾರ್ಖಾನೆಯ ಸುದ್ದಿ ಮಾತ್ರ ಹೆಚ್ಚು ಮಂದಿ ಎತ್ತಲಿಲ್ಲ. ಅದು ಇದ್ದದ್ದು ಇಲ್ಲೇ, ಅಣೆಕಟ್ಟಿನ ಪಕ್ಕದ ಟಿ.ಬಿ. ಡ್ಯಾಂ ಊರಿನಲ್ಲಿ: ತುಂಗಭದ್ರಾ ಸ್ಟೀಲ್ ಪ್ರಾಡಕ್ಟ್ಸ್ ಲಿಮಿಟೆಡ್, ಚಿಕ್ಕದಾಗಿ ಟಿಎಸ್‌ಪಿ. 1960ರಲ್ಲಿ ಆಗಿನ ಮೈಸೂರು ಮತ್ತು ಆಂಧ್ರ ಸರ್ಕಾರಗಳು ಕೂಡಿ ಆರಂಭಿಸಿದ ಕಂಪನಿ. ಮುಂದೆ ಕೇಂದ್ರ ಸರ್ಕಾರ ದೊಡ್ಡ ಪಾಲುದಾರನಾಯಿತು. ಅಣೆಕಟ್ಟಿನ ಗೇಟು, ಹಾಯ್ಸ್ಟ್, ಪೆನ್‌ಸ್ಟಾಕ್ ಕೊಳವೆ, ಕ್ರೇನ್ ಇದರ ಕಸುಬು. ದೇಶವಿಡೀ ಅಣೆ ಕಟ್ಟುತ್ತಿದ್ದ ಕಾಲವದು, ಆರ್ಡರಿಗೆ ಬರವಿರಲಿಲ್ಲ.

ಆಮೇಲಿನದು ಸರ್ಕಾರಿ ಕಂಪನಿಗಳ ಮಾಮೂಲಿ ಜಾತಕ. ಹೊಸ ಅಣೆಕಟ್ಟುಗಳು ವಿರಳವಾದವು, ಟೆಂಡರಿನಲ್ಲಿ ಖಾಸಗಿಯವರ ಪೈಪೋಟಿ ಬಂತು, ಕೈಯಲ್ಲಿ ದುಡ್ಡಿಲ್ಲದೆ ಹಿಡಿದ ಕೆಲಸವೂ ತಡವಾಯಿತು. ರೋಗಗ್ರಸ್ತ ಕೈಗಾರಿಕೆ ಎಂದು, ಅಂಥ ಕಂಪನಿಗಳ ಪುನಶ್ಚೇತನಕ್ಕಿದ್ದ ಬಿಐಎಫ್‌ಆರ್ ಮಂಡಳಿಯ ಮೆಟ್ಟಿಲನ್ನೂ ಹತ್ತಿದ್ದಾಯಿತು. 2015ರ ಡಿಸೆಂಬರ್‌ನಲ್ಲಿ ಕೇಂದ್ರ ಸಂಪುಟ ಮುಚ್ಚಲು ಒಪ್ಪಿಗೆ ಕೊಟ್ಟಿತು. ಕೆಲಸಗಾರರಿಗೆ ಸ್ವಯಂ ನಿವೃತ್ತಿ. ಎಂಬತ್ತೆರಡು ಎಕರೆಯಷ್ಟು ಜಮೀನನ್ನು ರಾಜ್ಯ ಸರ್ಕಾರಕ್ಕೆ ಕೊಡುವ ಮಾತು ಮುಂದುವರಿಯಿತು. ಭೂಮಿಗೆ ಎಕರೆ ಲೆಕ್ಕದಲ್ಲಿ ಬೆಲೆ ಕಟ್ಟಿದರು. ಮೂವತ್ತು ವರ್ಷ ಗೇಟು ಕೂರಿಸಿ ಪಳಗಿದ ಕೈಗೆ ಯಾವ ಕಾಲಮ್ಮಿನಲ್ಲಿ ಬೆಲೆ ಬರೆಯುತ್ತಾರೆ?

ನಷ್ಟದ ಕಂಪನಿಯನ್ನು ತೆರಿಗೆ ಹಣದಲ್ಲಿ ಎಷ್ಟು ದಿನ ಸಾಕುವುದು ಎಂಬ ವಾದ ಸುಳ್ಳಲ್ಲ. ನನ್ನ ತಕರಾರು ಬೇರೆ. ಹೊಸ ಗೇಟಿನ ಆರ್ಡರ್ ನಿಂತಿತೆಂದರೆ ಕಸುಬೇ ಮುಗಿಯಿತು ಎಂದುಕೊಂಡರಲ್ಲ, ಅದು. ದೇಶದಲ್ಲಿ ಐದು ಸಾವಿರಕ್ಕೂ ಹೆಚ್ಚು ದೊಡ್ಡ ಅಣೆಕಟ್ಟುಗಳಿವೆ, ಅರ್ಧ ಶತಮಾನ ದಾಟಿದವು ಸಾವಿರಕ್ಕೂ ಮೇಲೆ. ಅವುಗಳ ಚೈನು, ರೋಲರು, ರಬ್ಬರ್ ಸೀಲುಗಳನ್ನು ಯಾರಾದರೂ ವರ್ಷವರ್ಷ ನೋಡಲೇಬೇಕು. ಆ ತಪಾಸಣೆ, ದುರಸ್ತಿಯ ಗುತ್ತಿಗೆ ಹಿಡಿದಿದ್ದರೆ ಟಿಎಸ್‌ಪಿಗೆ ಕೈತುಂಬ ಕೆಲಸವಿರುತ್ತಿತ್ತು. ಅಣೆಕಟ್ಟುಗಳ ತಪಾಸಣೆಯನ್ನು ಕಡ್ಡಾಯ ಮಾಡಿದ ಅಣೆಕಟ್ಟು ಸುರಕ್ಷತಾ ಕಾಯ್ದೆ ಬಂದದ್ದು 2021ರಲ್ಲಿ. ಅಷ್ಟರಲ್ಲಿ ಇಲ್ಲಿ ಅಂಗಡಿ ಮುಚ್ಚಿ ಆರು ವರ್ಷ.

ದುರಂತದ ಬಳಿಕ ಎ.ಕೆ. ಬಜಾಜ್ ನೇತೃತ್ವದ ತಜ್ಞರ ಸಮಿತಿ ಬಂದು ನೋಡಿ, 33 ಗೇಟುಗಳನ್ನೂ ಬದಲಿಸಿ ಎಂದಿತು. ಟಿಎಸ್‌ಪಿಗೆ ಮನೆ ಬಾಗಿಲಲ್ಲೇ ಸಿಗಬಹುದಾಗಿದ್ದ ಆರ್ಡರ್. 19ನೇ ಗೇಟಿನ ಗುತ್ತಿಗೆ ಗುಜರಾತಿನ ಕಂಪನಿಗೆ ಹೋಯಿತು. ಸುಮಾರು 105 ಟಿಎಂಸಿ ಅಡಿ ಹಿಡಿಯುವ ಡ್ಯಾಂನಲ್ಲಿ 2025ರ ಮಳೆಗಾಲಕ್ಕೆ 80 ಟಿಎಂಸಿ ಅಡಿಗೇ ನೀರು ನಿಲ್ಲಿಸಿದರು. ಗೇಟು ಬದಲಿಸಬೇಕಿರುವುದರಿಂದ ಎರಡನೇ ಬೆಳೆಗೆ ನೀರಿಲ್ಲ ಎಂದು ರೈತರಿಗೆ ತಿಳಿಸಿದ್ದೂ ಆಯಿತು.