ರಂಜಕವೇ, ಆದರೆ ಆ ವಿಷವಲ್ಲ

ಕಾರ್ಕಳದ ಗದ್ದೆ, ತೋಟಗಳ ಕಡೆ ‘ಆರ್ಗನೋಫಾಸ್ಫರಸ್’ ಎಂದರೆ ಮೊದಲು ನೆನಪಾಗುವುದು ಕೀಟನಾಶಕ. ಕ್ಲೋರ್‌ಪೈರಿಫಾಸ್‌ನಂಥ ಮದ್ದು ಹೊಟ್ಟೆಗೆ ಹೋದವರನ್ನು ಮಣಿಪಾಲದ ಕಸ್ತೂರ್ಬಾ ಆಸ್ಪತ್ರೆಗೆ ಒಯ್ಯುತ್ತಾರೆ. ಅಟ್ರೋಪಿನ್ ಚುಚ್ಚುಮದ್ದು, ಕೆಲವೊಮ್ಮೆ ದಿನಗಟ್ಟಲೆ ವೆಂಟಿಲೇಟರ್. ಹಾಗಾಗಿ ಆ ಹೆಸರಿಗೆ ಹೆದರುವುದು ಸಹಜ. ಆದರೆ ಔಷಧ ರಸಾಯನದ ಪ್ರಯೋಗಾಲಯಗಳಲ್ಲಿ ದಿನಬಳಕೆಯ ವಸ್ತುವಾಗಿರುವ ಟ್ರೈಫಿನೈಲ್‌ಫಾಸ್ಫೀನ್ ಎಂಬ ಬಿಳಿ ಹರಳೂ ಇದೇ ಕುಲದ್ದು. ಗುಣ ಮಾತ್ರ ಬೇರೆ.

ಕೀಟನಾಶಕದಲ್ಲಿ ರಂಜಕದ ಸುತ್ತ ಆಮ್ಲಜನಕ, ಗಂಧಕಗಳಿರುತ್ತವೆ. ಅದು ನರಗಳ ಒಂದು ಮುಖ್ಯ ಕಿಣ್ವಕ್ಕೆ ಅಂಟಿಕೊಂಡು ಅದರ ಕೆಲಸ ನಿಲ್ಲಿಸುತ್ತದೆ. ಟ್ರೈಫಿನೈಲ್‌ಫಾಸ್ಫೀನ್‌ನಲ್ಲಿ ರಂಜಕಕ್ಕೆ ಅಂಟಿರುವುದು ಇಂಗಾಲದ ಮೂರು ಉಂಗುರಗಳು. ಜೊತೆಗೆ ಬಳಕೆಯಾಗದ ಒಂದು ಜೋಡಿ ಎಲೆಕ್ಟ್ರಾನು. ಪೆಲೇಡಿಯಂ, ರೋಡಿಯಂ ಸಿಕ್ಕರೆ ಆ ಜೋಡಿಯಿಂದಲೇ ಹಿಡಿದುಕೊಳ್ಳುತ್ತದೆ. ಹೀಗೆ ಲೋಹವನ್ನು ಹಿಡಿಯುವ ಅಣುವೇ ಲಿಗ್ಯಾಂಡ್. ಅದಿಲ್ಲದಿದ್ದರೆ ದುಬಾರಿ ಪೆಲೇಡಿಯಂ ಕರಿ ಪುಡಿಯಾಗಿ ತಳ ಸೇರಿಬಿಡಬಹುದು.

ಕಾಪುವಿನ ಯಾವ ಮೆಡಿಕಲ್‌ನಲ್ಲಾದರೂ ಸಿಗುವ ರಕ್ತದೊತ್ತಡದ ಮಾತ್ರೆ ಲೋಸಾರ್ಟಾನ್. ಮರ್ಕ್ ಕಂಪನಿಯ ವಿಜ್ಞಾನಿಗಳು 1994ರಲ್ಲಿ ಪ್ರಕಟಿಸಿದ ವಿಧಾನದಲ್ಲಿ ಆ ಅಣುವಿನ ಎರಡು ತುಂಡುಗಳನ್ನು ಬೆಸೆಯಲು ಬಳಸಿದ್ದು ಪೆಲೇಡಿಯಂ ಮತ್ತು ಇದೇ ಬಿಳಿ ಹರಳು. ಅಂಥ ಬೆಸುಗೆಯನ್ನು ಕಂಡುಹಿಡಿದ ಅಕಿರಾ ಸುಜುಕಿ 2010ರ ನೊಬೆಲ್ ಹಂಚಿಕೊಂಡರು.

ಈ ಹರಳನ್ನು ತಯಾರಿಸುವುದು ಹೇಗೆ? ಕಾರ್ಖಾನೆಯಲ್ಲಿ ಫಾಸ್ಫರಸ್ ಟ್ರೈಕ್ಲೋರೈಡ್, ಕ್ಲೋರೋಬೆಂಜೀನ್ ಮತ್ತು ಸೋಡಿಯಂ ಸೇರಿಸುತ್ತಾರೆ. ಜೊತೆಗೆ ಹುಟ್ಟುವುದು ಬರೀ ಉಪ್ಪು. ಪ್ರಯೋಗಾಲಯದಲ್ಲಾದರೆ ಬ್ರೋಮೋಬೆಂಜೀನ್ ಮತ್ತು ಮೆಗ್ನೀಸಿಯಂನಿಂದ ಒಣ ಈಥರಿನಲ್ಲಿ ಗ್ರಿನ್ಯಾರ್ ದ್ರಾವಣ ಮಾಡಿ, ಅದಕ್ಕೆ ಟ್ರೈಕ್ಲೋರೈಡನ್ನು ತಣ್ಣಗೆ, ಹನಿಹನಿಯಾಗಿ ಸೇರಿಸಬೇಕು. ಉಡುಪಿಯ ಆಷಾಢದಲ್ಲಿ ಇದಕ್ಕೆ ಕೈ ಹಾಕುವುದು ಹರಸಾಹಸವೇ. ಗ್ರಿನ್ಯಾರ್ ದ್ರಾವಣ ತೇವಕ್ಕೆ ಕೆಡುತ್ತದೆ. ಟ್ರೈಕ್ಲೋರೈಡಿಗೆ ನೀರು ತಾಗಿದರೆ ಕಾದು, ಹೈಡ್ರೋಜನ್ ಕ್ಲೋರೈಡಿನ ಹೊಗೆ ಕಾರಿ, ಗಂಟಲು ಸುಡುತ್ತದೆ. ನಿಜವಾದ ಅಪಾಯ ಇರುವುದು ಈ ಕಚ್ಚಾವಸ್ತುವಿನಲ್ಲಿ.

ಸಿದ್ಧವಾದ ಹರಳಿಗೆ ಮಾತ್ರ ಮಳೆಗಾಲದ ಚಿಂತೆಯಿಲ್ಲ. ನೀರಿನಲ್ಲಿ ಕರಗುವುದಿಲ್ಲ, ತೇವಕ್ಕೆ ಜಗ್ಗುವುದಿಲ್ಲ. ಅದರ ಶತ್ರು ಗಾಳಿಯ ಆಮ್ಲಜನಕ. ಹರಳಾಗಿದ್ದಾಗ ನಿಧಾನವಾಗಿ, ದ್ರಾವಣವಾದಾಗ ಬೇಗ ಆಕ್ಸೈಡ್ ಆಗುತ್ತದೆ. ಶುದ್ಧ ಹರಳು ಸುಮಾರು 80 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕರಗುತ್ತದೆ. ಆಕ್ಸೈಡ್ ಬೆರೆತಿದ್ದರೆ ಕರಗುವ ಬಿಂದು ಇಳಿದು, ಹರಳು ಒಮ್ಮೆಲೇ ಕರಗದೆ ಎಳೆದಾಡುತ್ತದೆ. ಬಿಸಿ ಎಥನಾಲ್‌ನಲ್ಲಿ ಕರಗಿಸಿ ಮತ್ತೆ ಹರಳುಗಟ್ಟಿಸಿದರೆ ಸರಿಹೋಗುತ್ತದೆ. ಇದರ ನೆಂಟ ಟ್ರೈಮಿಥೈಲ್‌ಫಾಸ್ಫೀನ್ ಗಾಳಿ ಸೋಕಿದರೆ ಉರಿದೇಹೋಗಬಹುದು. ಅದರ ಮುಂದೆ ಇದು ಸಾಧುಪ್ರಾಣಿ.

ಹಾಗೆಂದು ಬರಿಗೈಯಲ್ಲಿ ಮುಟ್ಟುವಂತಿಲ್ಲ. ನುಂಗಿದರೆ ಹಾನಿ, ಚರ್ಮಕ್ಕೆ ಅಲರ್ಜಿ. ಬಹುಕಾಲ ಮತ್ತೆ ಮತ್ತೆ ದೇಹ ಸೇರಿದರೆ ನರಗಳಿಗೂ ತೊಂದರೆ. ಫ್ಯೂಮ್ ಹುಡ್‌ನಲ್ಲೇ ತೂಗಿ, ಕೈಗವಸು, ಕನ್ನಡಕ ಹಾಕಿ. ಬಾಟಲಿಯ ಮುಚ್ಚಳ ಬಿಗಿಯಾಗಿರಲಿ, ತೆರೆದ ದಿನಾಂಕ ಬರೆದಿಡಿ. ಉಳಿಕೆಯನ್ನು ಸಿಂಕಿಗೆ ಸುರಿಯದೆ ರಾಸಾಯನಿಕ ತ್ಯಾಜ್ಯದ ಡಬ್ಬಿಗೆ ಹಾಕಿ. ಪದವಿ ವಿದ್ಯಾರ್ಥಿಗಳೇ, ಇದನ್ನು ನೀವೇ ತಯಾರಿಸಲು ಹೋಗಬೇಡಿ. ಕೊಂಡು ತರುವುದೇ ಕ್ಷೇಮ.