ಗೋಥೆನ್‌ಬರ್ಗ್‌ನಿಂದ ತವರಿಗೆ ಮರಳಿದ ಬಟ್ಟೆ

ಟವೆಲಿನಷ್ಟೇ ದೊಡ್ಡ ಬಟ್ಟೆ ಅದು. ಉದ್ದ 104 ಸೆಂ.ಮೀ., ಅಗಲ 53. ಅಷ್ಟರಲ್ಲೇ 32 ಚೌಕಗಳು, ಬಣ್ಣದ ಸುಮಾರು 80 ಛಾಯೆಗಳು. ವಯಸ್ಸು ಎರಡು ಸಾವಿರ ವರ್ಷ. ಎಂಟು ದಶಕ ಸ್ವೀಡನ್ನಿನ ಗೋಥೆನ್‌ಬರ್ಗ್‌ನಲ್ಲಿದ್ದ ಇದು 2014ರಲ್ಲಿ ಪೆರುವಿಗೆ ಮರಳಿತು.

ಇದರ ತವರು ಪೆರುವಿನ ದಕ್ಷಿಣ ಕರಾವಳಿಯ ಪರಾಕಾಸ್ ಮರಳುಗಾಡು. ಅಲ್ಲಿನ ಜನ ಶವವನ್ನು ಕೂರಿಸಿ, ಪದರ ಪದರವಾಗಿ ಬಟ್ಟೆ ಸುತ್ತಿ ಹೂಳುತ್ತಿದ್ದರು. ಕರಾವಳಿಯ ಹತ್ತಿ, ಆಂಡಿಸ್ ಬೆಟ್ಟದ ಅಲ್ಪಾಕದಂಥ ಪ್ರಾಣಿಗಳ ಉಣ್ಣೆ ಎರಡನ್ನೂ ಬಳಸುತ್ತಿದ್ದರು. ಕೆಂಪು ಬಣ್ಣ ಬರುತ್ತಿದ್ದುದು ನಮ್ಮ ಮಂಜಿಷ್ಠದ ಕುಟುಂಬದ ಗಿಡವೊಂದರ ಬೇರಿನಿಂದ. ದೊಡ್ಡ ಹೊದಿಕೆಗಳ ಮೇಲೆ ಕೂದಲು ಹರಡಿಕೊಂಡು ಹಾರುವ ಮನುಷ್ಯರನ್ನು ಸೂಜಿಯಲ್ಲೇ ಬರೆದಿದ್ದಾರೆ. ನನ್ನನ್ನು ಹಿಡಿದು ನಿಲ್ಲಿಸುವುದು ಒಂದು ಸಂಗತಿ: ಆ ಪುಟ್ಟ ಮನುಷ್ಯರೂ ಅಂಗಿ, ತಲೆಪಟ್ಟಿ, ಹೊದಿಕೆ ತೊಟ್ಟಿದ್ದಾರೆ. ಗೋರಿಯಲ್ಲಿ ಸಿಕ್ಕ ಉಡುಪುಗಳೂ ಅವೇ. ಯಾರು ಏನನ್ನು ಹೇಗೆ ಉಡುತ್ತಿದ್ದರೆಂದು ಬಟ್ಟೆಯೇ ಹೇಳುತ್ತದೆ.

ಕೆಚುವಾ ಮಾತಾಡುವ ಬೆಟ್ಟದೂರಿನಲ್ಲಿ ಹುಟ್ಟಿದ ಪುರಾತತ್ವಜ್ಞ ಹುಲಿಯೊ ತೆಯೊ 1927ರಲ್ಲಿ ಪರಾಕಾಸ್‌ನಲ್ಲಿ ಅಗೆಸಿದಾಗ 429 ಶವದ ಗಂಟುಗಳು ಸಿಕ್ಕವು. 1930ರಲ್ಲಿ ಸರ್ಕಾರ ಬದಲಾಗಿ ತೆಯೊ ಹುದ್ದೆ ಕಳೆದುಕೊಂಡರು. ಕಾವಲಿಲ್ಲದ ಗೋರಿಗಳಿಗೆ ಕಳ್ಳರು ನುಗ್ಗಿದರು. ಲಿಮಾದಲ್ಲಿದ್ದ ಸ್ವೀಡನ್ನಿನ ಕಾನ್ಸುಲ್ ಸ್ವೆನ್ ಕಾರೆಲ್ 1930ರ ದಶಕದ ಮೊದಲ ವರ್ಷಗಳಲ್ಲಿ ಸುಮಾರು 100 ಬಟ್ಟೆಗಳನ್ನು ಗುಟ್ಟಾಗಿ ಸಾಗಿಸಿ ಗೋಥೆನ್‌ಬರ್ಗ್‌ನ ಮ್ಯೂಸಿಯಮ್ಮಿಗೆ ಕೊಟ್ಟರು.

2008ರಲ್ಲಿ ಆ ನಗರದ ವಿಶ್ವ ಸಂಸ್ಕೃತಿ ಮ್ಯೂಸಿಯಮ್ಮು ಇವನ್ನು ಪ್ರದರ್ಶಿಸಿತು. ಪ್ರದರ್ಶನಕ್ಕೆ ಇಟ್ಟ ಹೆಸರು 'ಕದ್ದ ಲೋಕ'. ತನ್ನ ಕಪಾಟಿನಲ್ಲಿರುವುದು ಕಳವಿನ ಮಾಲು ಎಂದು ಬಾಯಿಬಿಟ್ಟು ಹೇಳಲು ಧೈರ್ಯ ಬೇಕು. ಮರುವರ್ಷ ಪೆರು ಅವನ್ನು ವಾಪಸು ಕೇಳಿತು. ಅಲುಗಿದರೆ ನೂಲು ಉದುರುವಷ್ಟು ನಾಜೂಕು, ಸಾಗಿಸುವುದು ಹೇಗೆಂಬ ಆತಂಕವಿತ್ತು. ಅದನ್ನೂ ದಾಟಿ, 2021ರೊಳಗೆ 89 ಬಟ್ಟೆಗಳನ್ನು ಮರಳಿಸಲು ನಗರ ಒಪ್ಪಿತು. 2014ರಲ್ಲಿ ಮೊದಲು ಹೋದವು ನಾಲ್ಕು, ಆ ಟವೆಲಿನಷ್ಟರ ಬಟ್ಟೆಯೂ ಸೇರಿ.

ಬಟ್ಟೆ ಮರಳಿತು, ಯಾವ ಗೋರಿಯದು, ಯಾರ ಮೈಮೇಲಿನದು ಎಂಬುದು ಮಾತ್ರ ಮರಳಲಿಲ್ಲ. ಅದನ್ನು ಕಳ್ಳರು ಮರಳಲ್ಲೇ ಚೆಲ್ಲಿದ್ದರು.

ನಿಮ್ಮ ಮನೆಯ ಟ್ರಂಕಿನಲ್ಲಿ ಅಜ್ಜಿಯ ಕಸೂತಿಯ ಚಂದ್ರಕಾಳಿ ಸೀರೆ ಇದ್ದರೆ, ಅದನ್ನು ಹೊಲಿದ ಕೈ ಯಾರದು, ಯಾವ ಊರಿನದು, ಯಾವ ಮದುವೆಗೆ ಉಟ್ಟದ್ದು ಎಂದು ಒಂದು ಚೀಟಿ ಬರೆದು ಅದರ ಮಡಿಕೆಯಲ್ಲಿಡಿ. ಬಲ್ಲ ಹಿರಿಯರು ಇನ್ನೂ ಇದ್ದಾರೆ, ಈ ವಾರವೇ ಕೇಳಿ.